ಎರಡು ಮುಂದೆ, ಮೂರು ಹಿಂದೆ

ಕಳೆದ ವರ್ಷದ ಯುಗಾದಿ ಊಟದಲ್ಲಿ ಸುಮಿತ್ರಮ್ಮನವರ ಎಲೆಗೆ ಹೋಳಿಗೆ ಬೀಳಲಿಲ್ಲ. ಬಿದ್ದಿದ್ದರೆ ಈ ಕತೆಯೂ ಇರುತ್ತಿರಲಿಲ್ಲ, ಪಾಪ ಉಮಾಶಂಕರನೂ ನೆಮ್ಮದಿಯಾಗಿ ಇರುತ್ತಿದ್ದ. ಎಡಗಡೆಯವರಿಗೆ ಎರಡು ಬಿತ್ತು, ಬಲಗಡೆಯವರಿಗೆ ತುಪ್ಪದ ಸಮೇತ ಬಿತ್ತು, ನಡುವೆ ಕೂತ ಸುಮಿತ್ರಮ್ಮನವರನ್ನು ಬಡಿಸುವವರು ಹಾರಿಕೊಂಡೇ ಹೋದರು. ಸುಮಿತ್ರಮ್ಮ ಅಂದರೆ ಯಾರೋ ದಾರಿಹೋಕರಲ್ಲ. ಕೆನಡಾದ ಮಿಸ್ಸಿಸಾಗಾದಲ್ಲಿರುವ ನಮ್ಮ ಕನ್ನಡ ಬಳಗದ ಅಧ್ಯಕ್ಷೆಯಾದ ಹಲ್ಲಿನ ಡಾಕ್ಟರು ರಾಜಲಕ್ಷ್ಮಿಯವರ ಸಾಕ್ಷಾತ್ ಅತ್ತೆ. ಸುದ್ದಿ ಅಂದು ಸಂಜೆಯೊಳಗೆ ಮೈಸೂರು ಮುಟ್ಟಿ, ಅಲ್ಲಿಂದ ತಿರುಗಿ ನಮ್ಮ ಎರಿನ್ ಮಿಲ್ಸ್ ಬಡಾವಣೆಯ ಎಲ್ಲ ಫೋನುಗಳಿಗೂ ಬಂತು.

ಬಡಿಸುವವರ ಮುಖಂಡ ಉಮಾಶಂಕರನನ್ನು ರಾಜಲಕ್ಷ್ಮಿ ಈ ವರ್ಷ ಮೊದಲೇ ಕರೆದು ಹೇಳಿದ್ದರು: "ನೋಡಿ ಉಮಾಶಂಕರ್, ಈ ಸಲ ಒಂದೇ ಒಂದು ಕಂಪ್ಲೇಂಟ್ ಬಂದ್ರೂ ಎಲೆ ಊಟಕ್ಕೆ ಇದೇ ಕೊನೆ. ಮುಂದಿನ ವರ್ಷದಿಂದ ಬಫೆ. ಯಾರಿಗೆ ಏನು ಬೇಕೋ ಅವರೇ ಹಾಕ್ಕೋತಾರೆ, ನಂಗೂ ತಲೆನೋವಿರಲ್ಲ."

ಬಫೆ ಅನ್ನುವ ಮಾತು ಕೇಳಿ ಉಮಾಶಂಕರ ಕಂಗಾಲಾದ. ಮುಲ್ಕಿ ಕಡೆಯ ಮನುಷ್ಯ. ಇಲ್ಲಿ ಒಂದು ಗೋದಾಮಿನಲ್ಲಿ ಪೆಟ್ಟಿಗೆಗಳ ಮೇಲಿನ ಲೇಬಲ್ ಸರಿಯಿದೆಯೇ ಎಂದು ನೋಡುವುದು ಅವನ ಕೆಲಸ. ವರ್ಷವಿಡೀ ಅವನ ಮುಖವನ್ನು ಯಾರೂ ನೆಟ್ಟಗೆ ನೋಡುವುದಿಲ್ಲ. ಪೆಟ್ಟಿಗೆಗಳಂತೂ ನೋಡುವುದೇ ಇಲ್ಲ. ಆದರೆ ಯುಗಾದಿ ಊಟದ ದಿನ ಪಂಚೆ ಉಟ್ಟು, ಶಲ್ಯವನ್ನು ಸೊಂಟಕ್ಕೆ ಬಿಗಿದು, ಸಾರಿನ ಬಕೆಟ್ಟು ಹಿಡಿದು ಬಂದನೆಂದರೆ ಇನ್ನೂರು ಜನ ತಲೆಯೆತ್ತಿ ಅವನನ್ನೇ ನೋಡುತ್ತಾರೆ. ಆ ಒಂದು ಮಧ್ಯಾಹ್ನಕ್ಕಾಗಿ ಅವನು ಉಳಿದ ವರ್ಷವನ್ನು ಸಹಿಸಿಕೊಂಡಿದ್ದ. ಅದೂ ಹೋದರೆ ಈ ದೇಶದಲ್ಲಿ ತನಗೆ ಉಳಿಯುವುದೇನು ಎಂದು ಅವನಿಗೆ ನಿಜವಾಗಿಯೂ ಭಯವಾಯಿತು.

ಹೋಳಿಗೆ ತಪ್ಪಿದ್ದು ಯಾಕೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಬಡಿಸುವವರು ಐದು ಜನ. ಹುಬ್ಬಳ್ಳಿಯ ಚನ್ನವೀರಪ್ಪ ಬಕೆಟ್ಟು ಹಿಡಿದರೆ ನೇರ ತನ್ನ ಹೆಂಡತಿ ನಿಂಗವ್ವನ ಹತ್ತಿರ ಹೋಗುತ್ತಿದ್ದ. ಉಮಾಶಂಕರನ ಹೆಂಡತಿ ಮೋಹಿನಿ ತುಳು ಮಾತಾಡುವ ಗೆಳತಿಯರ ಸಾಲನ್ನು ಬಿಟ್ಟು ಕದಲುತ್ತಿರಲಿಲ್ಲ. ಕಾಲೇಜು ಹುಡುಗ ಚಿರಂತ್ ಹುಡುಗಿಯರು ಕೂತ ಕಡೆ, ಉಮಾಶಂಕರನ ಮಗಳು ಪ್ರಜ್ಞಾ ಹುಡುಗಿಯರೂ ಹುಡುಗರೂ ಇಲ್ಲದ, ಫೋನು ನೋಡಲು ಅನುಕೂಲವಾದ ಕಡೆ. ಎಲ್ಲರೂ ತಂತಮ್ಮವರನ್ನು ನೋಡಿಕೊಂಡರು. ಸುಮಿತ್ರಮ್ಮನವರಿಗೆ ಎಲ್ಲರೂ ಹೆದರುತ್ತಿದ್ದರಿಂದ ಅವರು ಯಾರ ಪಾಲಿಗೂ ಬರಲಿಲ್ಲ.

ಇರಲಿ. ಏಪ್ರಿಲ್ ತಿಂಗಳ ಆ ಭಾನುವಾರ ಬಂತು. 2018ನೇ ಇಸವಿ. ಕಮ್ಯುನಿಟಿ ಸೆಂಟರಿನ ಪಾರ್ಕಿಂಗ್ ಮೂಲೆಯಲ್ಲಿ ಕೊಳಕು ಹಿಮದ ಗುಡ್ಡೆ ಇನ್ನೂ ಕರಗದೆ ಕೂತಿತ್ತು. ಆಮಂತ್ರಣದಲ್ಲಿ 'ಹನ್ನೊಂದಕ್ಕೆ ಸರಿಯಾಗಿ' ಎಂದು ಅಚ್ಚಾಗಿತ್ತು. ಅದರ ಅರ್ಥ ಹನ್ನೆರಡೂವರೆ ಎಂದು ನಮ್ಮ ಕೂಸುಗಳಿಗೂ ಗೊತ್ತು. ಮುಖ್ಯ ಅತಿಥಿಗೆ ಮಾತ್ರ ಯಾರೂ ಹೇಳಿರಲಿಲ್ಲ.

ಎಂ.ಪಿ. ಸಿಗಲಿಲ್ಲ, ಕೌನ್ಸಿಲರ್ ಸಿಗಲಿಲ್ಲ. ಹಾಗಾಗಿ ರಾಜಲಕ್ಷ್ಮಿಯವರು ತಮ್ಮ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದ ಒಬ್ಬರನ್ನು ಕೇಳಿಬಿಟ್ಟಿದ್ದರು. ಬಾಯಿಯೊಳಗೆ ಕೊರೆಯುವ ಮೆಶೀನು ಇದ್ದುದರಿಂದ ಆ ಮನುಷ್ಯನಿಗೆ ಇಲ್ಲ ಎನ್ನಲಾಗಲಿಲ್ಲ. ಅವರೇ ಕೋಚ್ ಡೆಸ್ಮಂಡ್. 'ಮಿಸ್ಸಿಸಾಗಾ ಹೆರನ್ಸ್' ಎಂಬ ಬಾಸ್ಕೆಟ್‌ಬಾಲ್ ತಂಡದ ಕೋಚು. ಸಣ್ಣ ಲೀಗು, ಆದರೆ ಸಂಬಳಕ್ಕೆ ಆಡುವ ಪಕ್ಕಾ ವೃತ್ತಿಪರ ತಂಡ.

ಹನ್ನೊಂದು ಹೊಡೆಯಿತು, ಕೋಚು ಬಾಗಿಲಲ್ಲಿ ಬಗ್ಗಿ ಒಳಗೆ ಬಂದರು. ಸಭಾಂಗಣದಲ್ಲಿ ಇದ್ದವನು ಉಮಾಶಂಕರ ಒಬ್ಬನೇ. ಶ್ರೀಲಂಕಾ ತಮಿಳರ ಅಂಗಡಿಯಿಂದ ತಂದ ಬಾಳೆಲೆ ಒರೆಸುತ್ತಿದ್ದವನು ತಲೆಯೆತ್ತಿ ನೋಡಿದ. ಬೆಲ್ಟು ಕಂಡಿತು. ಇನ್ನೂ ಎತ್ತಿದ, ಟೈ ಕಂಡಿತು. ಕುತ್ತಿಗೆ ನೋಯುವಷ್ಟು ಎತ್ತಿದ ಮೇಲೆ ಮುಖ ಸಿಕ್ಕಿತು. ಅಬ್ಬಾ! ದೇವರು ಮನುಷ್ಯನನ್ನು ಇಷ್ಟು ಉದ್ದಕ್ಕೂ ಮಾಡುತ್ತಾನೆಯೇ ಎಂದು ಅವನು ಕೈಯಲ್ಲಿದ್ದ ಬಟ್ಟೆಯನ್ನು ಹಿಂಡುತ್ತ ನಿಂತುಬಿಟ್ಟ.

ಕೋಚು ಅಡುಗೆಮನೆಗೆ ಬಂದು ಸ್ಟೂಲಿನ ಮೇಲೆ ಕೂತರು. ಕೂತರೂ ಉಮಾಶಂಕರನಷ್ಟೇ ಎತ್ತರ. ಮುಖ ಮಾತ್ರ ಬಾಡಿತ್ತು. (ಅವರು ಮಾತಾಡಿದ್ದೆಲ್ಲ ಇಂಗ್ಲಿಷಿನಲ್ಲಿ. ನಮ್ಮ ಅನುಕೂಲಕ್ಕೆ ಕನ್ನಡದಲ್ಲಿ ಹೇಳುತ್ತಿದ್ದೇನೆ.)

"ಎಂತ ಸರ್, ಹುಷಾರಿಲ್ವಾ?" ಎಂದು ಉಮಾಶಂಕರ ಕೇಳಿದ.

"ಒಂದೇ ತಂಡದ ಎದುರು ಸಾಲಾಗಿ ಎರಡು ಪಂದ್ಯ ಸೋತಿದ್ದೇವೆ. ಇವತ್ತು ಏಳು ಗಂಟೆಗೆ ಅವರೊಡನೆಯೇ ಮೂರನೆಯದು. ಇದೂ ಹೋದರೆ ಈ ಸೀಸನ್ನೂ ಹೋಯಿತು, ನನ್ನ ಕೆಲಸವೂ ಹೋಯಿತು. ಮಾಲೀಕರಿಂದ ಹಿಡಿದು ನನ್ನ ಹೆಂಡತಿಯವರೆಗೆ ಎಲ್ಲರದೂ ಒಂದೇ ಮಾತು, ಝೋನ್ ಡಿಫೆನ್ಸಿಗೆ ಬದಲಾಯಿಸು ಅಂತ. ನಾನು ಜೀವಮಾನವಿಡೀ ಆಡಿಸಿದ್ದು ಮ್ಯಾನ್-ಟು-ಮ್ಯಾನ್."

"ಹಾಗೆಂದ್ರೆ?"

ಕೋಚು ಹತ್ತಿರದಲ್ಲಿದ್ದ ಸ್ಟೀಲು ಲೋಟಗಳನ್ನು ಎಳೆದುಕೊಂಡರು. ಒಂದೊಂದು ಲೋಟದ ಎದುರು ಒಂದೊಂದು ನಿಂಬೆಹಣ್ಣು ಇಟ್ಟರು. "ಇದು ಮ್ಯಾನ್-ಟು-ಮ್ಯಾನ್. ಎದುರಾಳಿ ಒಬ್ಬೊಬ್ಬನಿಗೂ ನಮ್ಮವನೊಬ್ಬ ಕಾವಲು. ನಿಂಬೆ ಎಲ್ಲಿ ಹೋದರೂ ಲೋಟ ಅದರ ಹಿಂದೆ." ಆಮೇಲೆ ನಿಂಬೆಹಣ್ಣುಗಳನ್ನು ಸರಿಸಿ, ಲೋಟಗಳನ್ನು ಮುಂದೆ ಎರಡು, ಹಿಂದೆ ಮೂರು ನಿಲ್ಲಿಸಿದರು. "ಇದು ಝೋನ್. ಮನುಷ್ಯನ ಹಿಂದೆ ಯಾರೂ ಓಡುವುದಿಲ್ಲ. ಪ್ರತಿಯೊಬ್ಬನಿಗೂ ಒಂದೊಂದು ಜಾಗ. ಆ ಜಾಗಕ್ಕೆ ಯಾರೇ ಬರಲಿ, ಅವರು ಅವನ ಪಾಲು."

ಉಮಾಶಂಕರ ಆ ಐದು ಲೋಟಗಳನ್ನು ನೋಡಿದ. ನೋಡುತ್ತಲೇ ಇದ್ದ. ಅವನ ಮೈ ಜುಮ್ಮೆಂದಿತು. ಹತ್ತು ವರ್ಷದಿಂದ ತಾವು ಬಡಿಸುತ್ತಿದ್ದುದು ಮ್ಯಾನ್-ಟು-ಮ್ಯಾನ್! ಅದಕ್ಕೇ ಹೋಳಿಗೆ ತಪ್ಪಿದ್ದು! ಇಷ್ಟು ದೊಡ್ಡ ಸಂಗತಿ ಐದು ಲೋಟದಲ್ಲಿ ಅಡಗಿತ್ತಲ್ಲ ಎಂದು ಅವನಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

"ಸರ್, ಝೋನೇ ಮಾಡಿ! ಇದಕ್ಕಿಂತ ಒಳ್ಳೇದು ಲೋಕದಲ್ಲೇ ಇಲ್ಲ," ಎಂದವನೇ ತನ್ನ ಸಂಕಟವನ್ನೆಲ್ಲ ಒಂದೇ ಉಸಿರಿಗೆ ಹೇಳಿದ.

"ಝೋನಲ್ಲಿ ಎಲ್ಲೋ ಒಂದು ತೂತು ಬಿದ್ದೇ ಬೀಳುತ್ತದಪ್ಪಾ," ಕೋಚು ನಿಟ್ಟುಸಿರು ಬಿಟ್ಟರು. "ಎಲ್ಲಿ ಅಂತ ಆಡಿಸುವವರೆಗೆ ತಿಳಿಯುವುದಿಲ್ಲ. ಇವತ್ತು ಕಲಿಯುವುದಕ್ಕೆ ಸಮಯ ಎಲ್ಲಿದೆ?"

"ನಾನು ಮಧ್ಯಾಹ್ನವೇ ಮಾಡಿ ತೋರಿಸ್ತೇನೆ. ನೀವು ಕೂತು ನೋಡಿ. ನನ್ನ ಊಟ ಸರಿಯಾದ್ರೆ ನಿಮ್ಮ ಮ್ಯಾಚೂ ಸರಿಯಾಗ್ತದೆ."

ಕೋಚು ಅವನನ್ನು ಒಂದು ಕ್ಷಣ ನೋಡಿ, ಅಂಗೈ ಚಾಚಿದರು. ಉಮಾಶಂಕರನ ಕೈ ಅದರೊಳಗೆ ಪೂರ್ತಿ ಮಾಯವಾಯಿತು. "ಆಯಿತು. ಅಂದಹಾಗೆ ಊಟದಲ್ಲಿ ನನಗೆ ಏನಾದರೂ ಬೇಕಾದರೆ ಹೇಗೆ ಕೇಳಬೇಕು?"

"ಕೇಳುದೇ ಬೇಡ ಸರ್!" ಉಮಾಶಂಕರ ಎದೆ ಉಬ್ಬಿಸಿದ. "ನಮ್ಮಲ್ಲಿ ಬಾಯಿಬಿಟ್ಟು ಕೇಳಿದ್ರೆ ಬಡಿಸುವವನಿಗೆ ಅವಮಾನ. ಅವನೇ ನೋಡಿ ಹಾಕ್ಬೇಕು."

ಹನ್ನೆರಡೂವರೆಗೆ ಜನ ತುಂಬಿದರು. ಅಷ್ಟರಲ್ಲಿ ಸುದ್ದಿ ಹಬ್ಬಿಯಾಗಿತ್ತು: ಈ ದಿನದ ಊಟ ಹೇಗಾಗುತ್ತದೋ ಹೆರನ್ಸ್ ರಾತ್ರಿ ಹಾಗೆ ಆಡುತ್ತದಂತೆ! ಬಾಸ್ಕೆಟ್‌ಬಾಲನ್ನು ಹತ್ತಿರದಿಂದ ನೋಡದವರೂ ಎರಡು ಪಂಗಡವಾದರು. ಬೇವು-ಬೆಲ್ಲ ಕೈಗೆ ಬೀಳುತ್ತಲೇ ವಾದ ಶುರು.

"ಝೋನ್ ಬ್ಯಾಡ್ರೀ," ಚನ್ನವೀರಪ್ಪ ಬಕೆಟ್ಟು ಕೆಳಗಿಟ್ಟ. "ನಿಂಗವ್ವ ಕೂತಿರೂದು ಆ ಹುಡುಗನ ಕಡೆ. ನನ್ನ ಹೆಂಡ್ತಿಗೆ ನಾ ನೀಡಬಾರದಂದ್ರ ಹೆಂಗ? ಮನಿಗೆ ಹೋದ ಮ್ಯಾಲ ಅಕಿ ನನ್ನ ಸುಮ್ನ ಬಿಡ್ತಾಳೇನು?"

"ಅಂಕಲ್, ಪ್ಲೀಸ್, ಡಿಸಿಪ್ಲಿನ್ ಇಲ್ದೇ ಇದ್ರೆ ಝೋನ್ ವರ್ಕ್ ಆಗಲ್ಲ," ಎಂದ ಚಿರಂತ್. ಅವನಿಗೆ ಆಟದ ಹುಚ್ಚು. ಬಕೆಟ್ಟು ಹಿಡಿದೇ ಎರಡು ಸಲ ಹಾರಿ ನೋಡಿದ್ದ.

"ಎಂತ ಮಾರಾಯ್ರೆ, ಊಟಕ್ಕೂ ಗಡಿಯಾ?" ಎಂದಳು ಮೋಹಿನಿ. ಉಮಾಶಂಕರ ಆಗಲೇ ನೆಲದ ಮೇಲೆ ನೀಲಿ ಟೇಪು ಅಂಟಿಸಿ ಗಡಿ ಹಾಕಿ ಮುಗಿಸಿದ್ದ. ಮುಂದೆ ಚನ್ನವೀರಪ್ಪ ಮತ್ತು ಚಿರಂತ್. ಹಿಂದೆ ಮೋಹಿನಿ, ಪ್ರಜ್ಞಾ ಮತ್ತು ಅವನು. ಕೋಚಿನ ಕಾಲು ಮೇಜಿನ ಕೆಳಗೆ ಹಿಡಿಸದ್ದರಿಂದ ಅವರನ್ನು ಹಿಂದಿನ ಮೂಲೆಯಲ್ಲಿ, ಕಾಲು ಚಾಚಲು ಜಾಗವಿರುವ ಕಡೆ ಕೂರಿಸಿದ್ದರು. ಮುಖ್ಯ ಅತಿಥಿಯೆಂದು ಆ ಮೂಲೆಯನ್ನು ಉಮಾಶಂಕರ ಸ್ವತಃ ತಾನೇ ಇಟ್ಟುಕೊಂಡ. ಅವರ ಪಕ್ಕದ ಕುರ್ಚಿ ಅಧ್ಯಕ್ಷೆಗೆ ಮೀಸಲು, ಅಧ್ಯಕ್ಷೆ ಒಂದು ಕಡೆ ಕೂತರೆ ತಾನೆ?

ಎಲೆಗಳಿಗೆ ಉಪ್ಪು, ಉಪ್ಪಿನಕಾಯಿ ಮೊದಲೇ ಬಿದ್ದಿತ್ತು. ಉಮಾಶಂಕರ ಶಲ್ಯ ಬಿಗಿದು ತಲೆಯಾಡಿಸಿದ. ಐದೂ ಜನ ಒಟ್ಟಿಗೆ ಹೊರಟರು.

ಅಬ್ಬಬ್ಬಾ, ಅದನ್ನು ನೋಡಬೇಕಿತ್ತು! ಕೋಸಂಬರಿ ಐದೂ ಕಡೆ ಒಂದೇ ಸಲ ಬಿತ್ತು. ಪಲ್ಯ ಅದರ ಹಿಂದೆಯೇ. ಯಾರೂ ಯಾರಿಗೂ ಡಿಕ್ಕಿ ಹೊಡೆಯಲಿಲ್ಲ, ಯಾರೂ ಕೂಗಲಿಲ್ಲ. ಮಾತಾಡುತ್ತಿದ್ದ ಇನ್ನೂರು ಜನ ಮಾತು ನಿಲ್ಲಿಸಿ, ಬಾಯಿ ಬಿಟ್ಟುಕೊಂಡು ಬಡಿಸುವವರನ್ನೇ ನೋಡಿದರು. ಊಟಕ್ಕೆ ಕೂತ ನಮ್ಮವರು ಸುಮ್ಮನಾಗಿದ್ದನ್ನು ನಾನಂತೂ ಅದೇ ಮೊದಲು ಕಂಡಿದ್ದು. ಮೂಲೆಯಲ್ಲಿ ಕೋಚು ಉಪ್ಪು, ಉಪ್ಪಿನಕಾಯಿ ಬಿಟ್ಟರೆ ಇನ್ನೂ ಖಾಲಿಯಿದ್ದ ತಮ್ಮ ಎಲೆಯ ಮೇಲೆ ಬಗ್ಗಿ, ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಮುಖ್ಯ ಅತಿಥಿಗೆ ಎಲ್ಲವನ್ನೂ ಬಿಸಿಬಿಸಿಯಾಗಿ, ಕೊನೆಯಲ್ಲಿ ನಿಧಾನವಾಗಿ ಬಡಿಸಬೇಕೆಂದು ಉಮಾಶಂಕರನ ಯೋಚನೆ.

ಆಗ ಅನ್ನ ಬಂತು. ಅನ್ನದ ಜೊತೆ ಗಲಾಟೆಯೂ ಬಂತು.

"ಏನ್ರೀ, ನಾ ಇಲ್ಲಿ ಕುಂತೀನಿ, ಕಾಣವಲ್ದೇನು?" ಟೇಪಿನ ಆಚೆಯಿಂದ ನಿಂಗವ್ವ ಕರೆದಳು. ಚನ್ನವೀರಪ್ಪ ಗಡಿಯವರೆಗೆ ಬಂದು, ಒಂದು ಕಾಲೆತ್ತಿ, ಉಮಾಶಂಕರನ ಮುಖ ನೋಡಿ ಕಾಲು ಇಳಿಸಿದ. ಪ್ರಜ್ಞಾಳ ಗಡಿಯಿಂದ ಒಂದು ಗೇಣು ಆಚೆ ಕೂತ ಅಜ್ಜನೊಬ್ಬರು ಲೋಟ ತೋರಿಸಿದರು.

"ಅಪ್ಪಾ, ದಟ್ಸ್ ನಾಟ್ ಮೈ ಝೋನ್!" ಎಂದು ಅವಳು ಕೂಗಿ ಹೇಳಿದಳು.

ಇದನ್ನೆಲ್ಲ ಹೇಗೋ ನಿಭಾಯಿಸಬಹುದಿತ್ತು. ಆದರೆ ರಾಜಲಕ್ಷ್ಮಿ ತಮ್ಮ ಅತ್ತೆಯನ್ನು ಗೌರವದ ಜಾಗವೆಂದು ಮುಂದಿನ ಸಾಲಿನ ನಟ್ಟನಡುವೆ ಕೂರಿಸಿದ್ದರು. ನಟ್ಟನಡುವೆ ಎಂದರೆ ಸರಿಯಾಗಿ ಟೇಪಿನ ಮೇಲೆ. ಚನ್ನವೀರಪ್ಪ ಅವರನ್ನು ಚಿರಂತನ ಪಾಲು ಎಂದುಕೊಂಡ. ಚಿರಂತ್ ಚನ್ನವೀರಪ್ಪನ ಪಾಲು ಎಂದುಕೊಂಡ. ಸುಮಿತ್ರಮ್ಮನ ಎಡಕ್ಕೆ ಅನ್ನ, ಬಲಕ್ಕೆ ಅನ್ನ. ನಡುವೆ ಅವರ ಕೈ ನಿಧಾನವಾಗಿ ಮೇಲೆದ್ದಿತು.

"ರಾಜೀ... ಈ ವರ್ಷಾನೂ ನಾನು ಎಲೆ ನೋಡ್ಕೊಂಡು ಎದ್ದು ಹೋಗ್ಬೇಕಾ?"

ಉಮಾಶಂಕರ ಹಿಂದಿನ ಮೂಲೆಯಿಂದ ಬಕೆಟ್ಟು ಸಮೇತ ಓಡಿದ. ಟೇಪೂ ಇಲ್ಲ, ಗಡಿಯೂ ಇಲ್ಲ. "ಬಂದೆ ಅಮ್ಮಾ, ಬಂದೆ!" ಅನ್ನ ಹಾಕಿದ. "ಇದು ಗಟ್ಟಿ, ಮೆತ್ತಗಿರೋದು ತಾ." ತಂದ. ತೊವ್ವೆ ಹಾಕಿದ. "ತುಪ್ಪ?" ತಂದ. "ಸಾರು ತಳದಿಂದ ಬೇಡಪ್ಪ, ಮೇಲಿನ ತಿಳಿ ಹಾಕು." ಹಾಕಿದ. ಹೋಳಿಗೆ ಎರಡು ಹಾಕಿದ, ಅದಕ್ಕೆ ಹಾಲು, ಹಾಲಿಗೆ ಸಕ್ಕರೆ. ಅವನ ಜಾಗದಲ್ಲಿ ಗಲಾಟೆ ಮಾಡಿದವರಿಗೆಲ್ಲ ಮೋಹಿನಿಯೇ ಓಡಿಬಂದು ಬಡಿಸಿದಳು. ಸುಮಿತ್ರಮ್ಮ ಒಂದು ಕೈಯಲ್ಲಿ ಉಣ್ಣುತ್ತ, ಇನ್ನೊಂದು ಕೈಯಲ್ಲಿ ಅವನ ಶಲ್ಯದ ತುದಿ ಹಿಡಿದುಕೊಂಡಿದ್ದರು. ಮಜ್ಜಿಗೆ ಕುಡಿದು ಮುಗಿಯುವವರೆಗೂ ಬಿಡಲಿಲ್ಲ.

ಬಿಟ್ಟ ಮೇಲೆ ದೊಡ್ಡದಾಗಿ ತೇಗಿದರು. "ರಾಜೀ, ಊಟ ಅಂದ್ರೆ ಇದು ಕಣಮ್ಮ. ನನ್ನ ಮದುವೇಲೂ ನಂಗೆ ಹೀಗೆ ಯಾರೂ ಬಡಿಸಿರಲಿಲ್ಲ."

ರಾಜಲಕ್ಷ್ಮಿ ಅಲ್ಲೇ ಮೈಕು ಎತ್ತಿಕೊಂಡರು. "ಮುಂದಿನ ವರ್ಷಾನೂ ಎಲೆ ಊಟಾನೇ! ಉಮಾಶಂಕರ್ ಅವರಿಗೆ ಜೋರಾಗಿ ಚಪ್ಪಾಳೆ!"

ಇಡೀ ಸಭಾಂಗಣ ಚಪ್ಪಾಳೆ ಹೊಡೆಯಿತು. ಉಮಾಶಂಕರ ಸೌಟು ಹಿಡಿದ ಕೈಯಿಂದಲೇ ಕಣ್ಣು ಒರೆಸಿಕೊಂಡು, ಖುಷಿಯನ್ನು ಹಂಚಿಕೊಳ್ಳಲು ಮೂಲೆಯ ಕಡೆ ತಿರುಗಿದ.

ಕೋಚು ಕೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡು, ಶಾಲೆಯ ಮಗುವಿನಂತೆ ನೆಟ್ಟಗೆ ಕೂತಿದ್ದರು. ಎದುರಿಗೆ ಹಸಿರು ಎಲೆ. ಎಲೆಯ ಮೇಲೆ ಒಂದು ಚಿಟಿಕೆ ಉಪ್ಪು, ಒಂದು ಹೋಳು ಉಪ್ಪಿನಕಾಯಿ.

ಉಮಾಶಂಕರ ಓಡಿಹೋಗಿ, "ಸರ್... ಸರ್... ಎರಡು ನಿಮಿಷ, ಈಗ ತರ್ತೇನೆ!" ಎಂದ.

"ಬೇಡ ಬೇಡ!" ಕೋಚು ಎದ್ದು ನಿಂತರು. ಅವರ ಕಣ್ಣು ಹೊಳೆಯುತ್ತಿತ್ತು. "ನನಗೆ ಹೊತ್ತಾಯಿತು, ಹುಡುಗರು ಕಾಯುತ್ತಿದ್ದಾರೆ. ನನಗೆ ಇವತ್ತು ಏನು ಸಿಕ್ಕಿತು ಎಂದು ನಿನಗೆ ಗೊತ್ತಿಲ್ಲ ತಮ್ಮಾ. ಸಂಜೆ ಎಲ್ಲರೂ ಬನ್ನಿ, ಟಿಕೆಟ್ಟು ನಾನು ಬಾಗಿಲಲ್ಲಿ ಇಡಿಸಿರುತ್ತೇನೆ." ಬಗ್ಗಿ ಬಾಗಿಲು ದಾಟಿ, ಓಡುತ್ತಲೇ ಹೊರಟುಹೋದರು.

ಉಮಾಶಂಕರ ಸುತ್ತ ನೋಡಿದ. ಯಾರೂ ನೋಡುತ್ತಿರಲಿಲ್ಲ. ಆ ಶುಭ್ರವಾದ ಎಲೆಯನ್ನು ಬೇಗ ಬೇಗ ಮಡಿಸಿ, ಎಂಜಲು ಎಲೆಗಳ ಅಡಿಗೆ ತುರುಕಿ, ಚೀಲದ ಬಾಯಿ ಗಂಟು ಹಾಕಿದ.

"ಸರ್ ಎದ್ದು ಹೋದ್ರಾ? ಊಟ ಸರಿ ಮಾಡಿದ್ರಾ?" ಮೋಹಿನಿ ಹಿಂದಿನಿಂದ ಕೇಳಿದಳು.

"ಮಾಡಿದ್ರು ಮಾಡಿದ್ರು. ಹೊಟ್ಟೆ ತುಂಬ ಮಾಡಿದ್ರು," ಎಂದ ಉಮಾಶಂಕರ.

ಸಂಜೆ ನಾವೊಂದು ದೊಡ್ಡ ದಂಡೇ ಸ್ಟೇಡಿಯಮ್ಮಿಗೆ ಹೋದೆವು. ರೇಷ್ಮೆ ಸೀರೆಯ ಮೇಲೆ ಚಳಿಗಾಲದ ಕೋಟು ತೊಟ್ಟ ಸುಮಿತ್ರಮ್ಮನೂ ಬಂದರು. ಒಳಗೆ ಕಾಲಿಟ್ಟ ಉಮಾಶಂಕರ ಕತ್ತೆತ್ತಿ ಸುತ್ತ ನೋಡಿದ. ಕನ್ನಡಿಯಂತೆ ಹೊಳೆಯುವ ಮರದ ನೆಲ, ಛಾವಣಿಯಿಂದ ತೂಗುವ ಮನೆಯಷ್ಟು ದೊಡ್ಡ ಪರದೆ. ಅಷ್ಟು ಎತ್ತರದ ಮನುಷ್ಯರು ಅಷ್ಟು ಹಗುರವಾಗಿ ಓಡುವುದನ್ನು, ಓಡುತ್ತ ಓಡುತ್ತ ನೆಲ ಬಿಟ್ಟು ಗಾಳಿಯಲ್ಲಿ ಒಂದು ಗಳಿಗೆ ನಿಲ್ಲುವುದನ್ನು ಅವನು ಹುಟ್ಟಿದಾರಭ್ಯ ನೋಡಿರಲಿಲ್ಲ. ಭಕ್ತಿಯಿಂದ ಎರಡೂ ಕೈ ತಾವಾಗಿಯೇ ಜೋಡಿಸಿಕೊಂಡವು.

ಹೆರನ್ಸ್ ಹುಡುಗರು ನಿಂತರು. ಎರಡು ಮುಂದೆ, ಮೂರು ಹಿಂದೆ.

"ಝೋನ್!" ಚಿರಂತ್ ಕುರ್ಚಿಯ ಮೇಲೆ ಹತ್ತಿದ. "ಅಂಕಲ್, ನಮ್ಮ ಝೋನ್!"

ಎದುರಾಳಿಗಳಲ್ಲಿ ಗಟ್ಟಿಯಾಗಿ ಕೂಗಿ ಚೆಂಡು ಕೇಳುವ ಒಬ್ಬ ದೈತ್ಯನಿದ್ದ. ಹಿಂದಿನ ಎರಡು ಪಂದ್ಯಗಳಲ್ಲಿ ಎಲ್ಲರೂ ಅವನ ಕಡೆ ಓಡುತ್ತಿದ್ದರಂತೆ. ಅವನು ಮೂಲೆಯಲ್ಲಿ ಸದ್ದಿಲ್ಲದೆ ನಿಂತ ತನ್ನ ಜೊತೆಯವನಿಗೆ ಚೆಂಡು ದಾಟಿಸುತ್ತಿದ್ದನಂತೆ. ಇವತ್ತೂ ದಾಟಿಸಿದ. ಆದರೆ ಮೂಲೆಯಲ್ಲಿ ಹೆರನ್ಸಿನ ಎಲ್ಲರಿಗಿಂತ ಕುಳ್ಳ ಹುಡುಗ ಮೊದಲೇ ಬಂದು ನಿಂತಿದ್ದ. ಮತ್ತೆ ದಾಟಿಸಿದ, ಮತ್ತೆ ಆ ಕುಳ್ಳ. ಯಾರು ಎಷ್ಟು ಕೂಗಿದರೂ ಅವನು ಮೂಲೆ ಬಿಟ್ಟು ಅಲ್ಲಾಡಲಿಲ್ಲ. ನೋಡುತ್ತ ನೋಡುತ್ತ ಉಮಾಶಂಕರನಿಗೆ ರೋಮಾಂಚನವೂ ಆಯಿತು, ಮಡಿಸಿ ತುರುಕಿದ ಆ ಶುಭ್ರವಾದ ಎಲೆಯೂ ನೆನಪಾಯಿತು.

ಹೆರನ್ಸ್ ಗೆದ್ದಿತು! ನಾವು ಕುಣಿದೆವು, ಗಡಿ ಮರೆತು ಚನ್ನವೀರಪ್ಪ ನಿಂಗವ್ವನನ್ನು ಎತ್ತಿಕೊಂಡ. ನಡು ಮೈದಾನದಲ್ಲಿ ಒಬ್ಬ ಹುಡುಗಿ ಕೋಚಿನ ಎದುರು ಮೈಕು ಎತ್ತಿ ಹಿಡಿದಳು. ವರ್ಷವಿಡೀ ಆಡಿಸದ ಝೋನನ್ನು ಇವತ್ತು ಹೇಗೆ ಆಡಿಸಿದಿರಿ ಎಂದು ಕೇಳಿದಳು. ಕೋಚಿನ ಮುಖ ಪರದೆಯ ತುಂಬ ಬಂತು, ದನಿ ಛಾವಣಿಯ ತುಂಬ.

"ಇವತ್ತು ಮಧ್ಯಾಹ್ನ ನಾನು ಕನ್ನಡ ಬಳಗದ ಊಟಕ್ಕೆ ಮುಖ್ಯ ಅತಿಥಿಯಾಗಿ ಹೋಗಿದ್ದೆ. ಐದೇ ಜನ ಇನ್ನೂರು ಮಂದಿಗೆ ಬಡಿಸಿದರು. ಅಂಥ ಅದ್ಭುತವನ್ನು ನಾನು ಜನ್ಮದಲ್ಲಿ ಕಂಡಿಲ್ಲ."

ರಾಜಲಕ್ಷ್ಮಿ ಸೆರಗು ಸರಿಮಾಡಿಕೊಂಡರು. ಸುಮಿತ್ರಮ್ಮ ಉಮಾಶಂಕರನ ಬೆನ್ನು ತಟ್ಟಿದರು. ಸಾಕು ಸರ್, ಇಷ್ಟು ಸಾಕು, ಇಲ್ಲಿಗೆ ನಿಲ್ಲಿಸಿ ಎಂದು ಉಮಾಶಂಕರ ಮನಸ್ಸಿನಲ್ಲೇ ಬೇಡಿಕೊಂಡ.

"ಆದರೆ ನನ್ನನ್ನು ಮೂಲೆಯಲ್ಲಿ ಕೂರಿಸಿದ್ದರು," ಕೋಚು ಮುಂದುವರಿಸಿದರು. "ಎಲ್ಲರ ಊಟ ಮುಗಿದರೂ ನನ್ನ ಎಲೆಗೆ ಒಂದು ಅಗುಳು ಅನ್ನ ಬೀಳಲಿಲ್ಲ! ಮುಂದಿನ ಸಾಲಿನಲ್ಲಿ ಒಬ್ಬ ಅಜ್ಜಿ ಕೂಗಿದರು, ನನ್ನ ಕಡೆಯವನು ಅಲ್ಲಿಗೆ ಓಡಿದ, ಹಿಂದೆ ಬರಲೇ ಇಲ್ಲ. ಹಸಿದು ಕೂತಾಗ ನನಗೆ ಹೊಳೆಯಿತು. ತೂತು ಇರುವುದು ಇಲ್ಲೇ, ನಾನು ಕೂತಲ್ಲೇ! ಅದನ್ನು ಮುಚ್ಚಿದೆ, ಗೆದ್ದೆ. ಈ ಗೆಲುವು ನನಗೆ ಊಟ ಹಾಕದವನದು. ಉಮಾಶಂಕರ್, ಎಲ್ಲಿದ್ದೀಯ? ಎದ್ದು ನಿಲ್ಲು ತಮ್ಮಾ!"

ಕ್ಯಾಮೆರಾ ಹುಡುಕಿ ಹುಡುಕಿ ಅವನನ್ನು ಹಿಡಿಯಿತು. ಅವನ ಮುಖ ಆ ಮನೆಯಷ್ಟು ದೊಡ್ಡ ಪರದೆಯ ಮೇಲೆ ಬಂತು. ಸಾವಿರಾರು ಜನ ಎದ್ದು ನಿಂತು, ಅವನನ್ನೇ ನೋಡುತ್ತ ಚಪ್ಪಾಳೆ ಹೊಡೆದರು. ಕೂತೇ ಇದ್ದದ್ದು ನಮ್ಮ ಸಾಲು ಮಾತ್ರ.

"ಹೊಟ್ಟೆ ತುಂಬ ಮಾಡಿದ್ರು ಅಂತ ಹೇಳಿದ್ರಲ್ಲ ನೀವು?" ಎಂದಳು ಮೋಹಿನಿ.

"ಕೂಗಿದ ಅಜ್ಜಿ ಅಂದ್ರೆ ಯಾರು ರಾಜೀ, ನಾನಾ?" ಎಂದರು ಸುಮಿತ್ರಮ್ಮ.

ರಾಜಲಕ್ಷ್ಮಿ ಅವನ ಕಡೆ ತಿರುಗಿಯೂ ನೋಡಲಿಲ್ಲ. ಪರದೆಯ ಮೇಲಿದ್ದ ಅವನ ಮುಖಕ್ಕೇ ಹೇಳಿದರು: "ಮುಂದಿನ ವರ್ಷ ಬಫೆಗೆ ಕ್ಯೂ ಉದ್ದ ಆಗುತ್ತೆ ಉಮಾಶಂಕರ್. ಬಾಗಿಲಲ್ಲಿ ನಿಂತು ಕ್ಯೂ ನೋಡ್ಕೊಳ್ಳೋ ಕೆಲಸ ನಿಮ್ದು."

ಉಮಾಶಂಕರ ಹೂಂ ಎಂದ. ಕ್ಯಾಮೆರಾ ಇನ್ನೂ ಅವನ ಮೇಲೇ ಇತ್ತು. ಹಾಗಾಗಿ ಎರಡೂ ಕೈ ಮುಗಿದು, ನಗುನಗುತ್ತಲೇ ಹೂಂ ಎಂದ.